ಕಮಲಾಪುರದ ಬಾವಿಯ ನೀರು

ಬೆಳಗಿನ ಆರೂಕಾಲಿಗೆ ಅಕ್ಕ ಮೊದಲ ಸಲ ವಾಂತಿ ಮಾಡಿಕೊಂಡಳು. ಅಪ್ಪ ಆಗಷ್ಟೇ ತನ್ನ ಜೇಬು ಗಡಿಯಾರಕ್ಕೆ ಕೀಲಿ ಕೊಡುತ್ತ ಕೂತಿದ್ದರಿಂದ ಆ ಹೊತ್ತು ನನಗೆ ಈಗಲೂ ಮರೆತಿಲ್ಲ. ಅಕ್ಕ ಪಡಸಾಲೆಯಿಂದ ಅಂಗಳಕ್ಕೆ ಇಳಿಯುವಷ್ಟರಲ್ಲಿ ಗೋಡೆ ಹಿಡಿದು ಬಗ್ಗಿದಳು. ಅವಳ ಕೂಸು ಒಳಗೆ ಅಳುತ್ತಿತ್ತು.

"ರಾತ್ರಿ ತಿಂದ ನುಚ್ಚು ಅರಗಿಲ್ಲ, ಅಷ್ಟೇ," ಅಂದಳು ಅವ್ವ.

ಬಿಸಿಲು ಅಂಗಳಕ್ಕೆ ಬರುವ ಹೊತ್ತಿಗೆ ಅಕ್ಕನ ಕಣ್ಣು ಒಳಗೆ ಹೋಗಿದ್ದವು. ಹೊಟ್ಟೆಯಿಂದ ಹೋಗುತ್ತಿದ್ದುದು ಅಕ್ಕಿ ತೊಳೆದ ನೀರಿನಂತಿತ್ತು. ಆ ರೋಗದ ಹೆಸರು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಇದು ನಿಜಾಮನ ಮೇಲೆ ಪೊಲೀಸ್ ಆಕ್ಷನ್ ಆದ ವರ್ಷದ ಮಳೆಗಾಲದ ಮಾತು, ಕಮಲಾಪುರದ ಸೋದರಮಾವನ ಮನೆಯದು. ಎಷ್ಟೋ ವರ್ಷ ಇದನ್ನು ನಾನು ಯಾರ ಮುಂದೆಯೂ ಆಡಿರಲಿಲ್ಲ. ಹೋದ ತಿಂಗಳು ಕಮಲಾಪುರಕ್ಕೆ ಹೋಗಿದ್ದೆ. ನಮ್ಮ ಸೋದರಮಾವನ ಮೊಮ್ಮಗ ಗುಡ್ಡದ ಇಳಿಜಾರಿನಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದಾನೆ. ಪಾಯಖಾನೆಗೆಂದು ತೋಡಿದ ಗುಂಡಿಗೆ ಅವನು ಒಂದು ಕೊಡ ನೀರು ಸುರಿದು ತೋರಿಸಿದ. ಕೆಂಪು ನೆಲ ಗಟಗಟ ಕುಡಿದುಬಿಟ್ಟಿತು. "ನೋಡ್ರಿ ಅಜ್ಜಿ, ಎಷ್ಟ ಛಲೋ ಕುಡೀತದ! ಹತ್ತ ವರ್ಷ ತುಂಬಂಗಿಲ್ಲ," ಅಂದ. ತೊಯ್ದ ಕೆಂಪು ಮಣ್ಣಿನ ವಾಸನೆ ಮೂಗಿಗೆ ಬಡಿದದ್ದೇ ನಾನು ಕಲ್ಲಿನ ರಾಶಿಯ ಮೇಲೆ ಕೂತುಬಿಟ್ಟೆ. "ಬಾವಿ ಎಲ್ಲದನೋ?" ಅಂದೆ. "ಈಗೆಲ್ಲಿ ಬಾವಿ ಅಜ್ಜಿ, ಬೋರ್ ಅದ, ಅಲ್ಲಿ ಕೆಳಗ," ಅಂದ ನಗುತ್ತ. ಗುಂಡಿ ಮುಚ್ಚಿ ಬೇರೆ ಕಡೆ ತೋಡಿಸುವ ಮಾತು ಕೊಡುವವರೆಗೆ ನಾನು ಅಲ್ಲಿಂದ ಏಳಲಿಲ್ಲ. ಮುದುಕಿಗೆ ಏನೋ ಆಗಿದೆ ಅಂದುಕೊಂಡಿರಬೇಕು.

ನಮ್ಮ ಮನೆ ಕಲಬುರಗಿಯ ಗಾಜಿಪುರದಲ್ಲಿ. ಅಪ್ಪ ಸರಕಾರಿ ಕಟ್ಟಡದ ಕೆಲಸ ನೋಡುವ ಓವರ್‌ಸೀಯರ್ ಆಗಿದ್ದ. ಅವನ ಇಡೀ ವಿದ್ಯೆ ಎರಿ ಮಣ್ಣಿನ ವಿದ್ಯೆ. ನಮ್ಮ ಕಡೆಯ ಕಪ್ಪು ಎರಿ ನೆಲ ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಮಳೆಗೆ ಹಿಟ್ಟಿನಂತೆ ಉಬ್ಬುತ್ತದೆ. ಗಾಜಿಪುರದ ಮನೆಯ ಬಾಗಿಲು ಮಳೆಗಾಲದಲ್ಲಿ ಹಾಕಲು ಬರುತ್ತಿರಲಿಲ್ಲ, ಬೇಸಿಗೆಯಲ್ಲಿ ತಾನೇ ತೆರೆದುಕೊಳ್ಳುತ್ತಿತ್ತು. ಗೋಡೆಯ ಬಿರುಕಿಗೆ ವರ್ಷಕ್ಕೊಮ್ಮೆ ಗಾರೆ ತುಂಬಬೇಕು. ಕೆಳಗೆ ಗಟ್ಟಿಯಾದ ಗರಸು ನೆಲ ಸಿಗುವವರೆಗೆ ತೋಡದೆ ಎರಿಯಲ್ಲಿ ಪಾಯ ಹಾಕುವವನನ್ನು ಅಪ್ಪ ಮನುಷ್ಯನೆಂದೇ ಎಣಿಸುತ್ತಿರಲಿಲ್ಲ. ಆದರೆ ಎರಿ ಮಣ್ಣಿನ ಒಂದು ಗುಣದ ಮೇಲೆ ಅವನಿಗೆ ಬಹಳ ನೆಚ್ಚಿಕೆ. ಒಮ್ಮೆ ತೊಯ್ದು ಉಬ್ಬಿತೆಂದರೆ ಅದು ಹನಿ ನೀರನ್ನೂ ಆಚೆ ಬಿಡುವುದಿಲ್ಲ. ನಮ್ಮ ಹಿತ್ತಲಲ್ಲಿ ಸಂಡಾಸದ ಗುಂಡಿಯೂ ಸೇದುವ ಬಾವಿಯೂ ಒಂದಕ್ಕೊಂದು ಬಹಳ ಹತ್ತಿರವೇ ಇದ್ದವು. ಬಾವಿಯ ನೀರು ಸಕ್ಕರೆಯಂತಿತ್ತು. "ಗುಂಡಿ ಅನ್ನೂದು ಗಡಗಿ ಇದ್ದಂಗ. ಗಡಗ್ಯಾಗಿಂದು ಗಡಗ್ಯಾಗೇ ಇರ್ತದ," ಅನ್ನುತ್ತಿದ್ದ.

ಆ ವರ್ಷ ಕಲಬುರಗಿಯಲ್ಲಿ ಇರುವುದು ಆಗಲಿಲ್ಲ. ನಿಜಾಮನ ಪರವಾಗಿ ಖಾಕಿ ತೊಟ್ಟು ಕತ್ತಿ, ಬಂದೂಕು ಹಿಡಿದು ಊರೂರು ಸುತ್ತುತ್ತಿದ್ದವರ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. 'ಅವರು' ಅಂದರೆ ಸಾಕಿತ್ತು. ಅಕ್ಕನ ಗಂಡ ನಿಜಾಮನ ಗಡಿ ದಾಟಿ ಸೊಲ್ಲಾಪುರದ ಕಡೆ ಹೋಗಿದ್ದ. ಅವನನ್ನು ಕೇಳಿಕೊಂಡು ಎರಡು ಸಲ ಮನೆಗೆ ಬಂದರು. ಎರಡನೆಯ ಸಲ ಬಂದಾಗ ಒಬ್ಬ ಅಕ್ಕನ ತೊಟ್ಟಿಲನ್ನು ಕಾಲಿನಿಂದ ತೂಗಿ ನೋಡಿ ನಕ್ಕ. ಮುಂಗಾರಿನ ಮೊದಲ ಮಿರಗದ ಮಳೆ ಬಿದ್ದ ಮಾರನೆಯ ದಿನವೇ ಅಪ್ಪ ಗಾಡಿ ಹೂಡಿಸಿದ. ಎರಿಯಲ್ಲಿ ಗಾಡಿ ಅಚ್ಚಿನವರೆಗೆ ಹುಗಿಯುತ್ತಿತ್ತು. ಪ್ರತಿ ಸಲ ನಿಂತಾಗಲೂ ಹಿಂದೆ ಕುದುರೆ ಸಪ್ಪಳ ಕೇಳುತ್ತದೆಯೇ ಎಂದು ನಾವು ಉಸಿರು ಹಿಡಿಯುತ್ತಿದ್ದೆವು. ಸಂಜೆಗೆ ಮಣ್ಣಿನ ಬಣ್ಣ ಬದಲಾಯಿತು. ಗಾಲಿಗೆ ಕೆಂಪು ಹತ್ತಿದ್ದನ್ನು ಕಂಡು ಅವ್ವ ಅತ್ತಳು, ತವರು ಬಂತೆಂದು.

ನಮ್ಮ ಸೋದರಮಾವ, ಶರಣಪ್ಪ ಮಾಮಾನ ಮನೆ ಕಮಲಾಪುರದ ಗುಡ್ಡದ ಸೆರಗಿನಲ್ಲಿ. ಹಿಂದೆ ಏರು, ಮುಂದೆ ಇಳಿಜಾರಿನಲ್ಲಿ ಕೆಂಪು ಬಾಳೆಯ ತೋಟ, ತೋಟದ ತಲೆಯಲ್ಲಿ ಬಾವಿ. ನಮ್ಮಂತೆಯೇ ಓಡಿಬಂದ ಇನ್ನೆರಡು ಮನೆಯವರು ಅಲ್ಲಿದ್ದರು. ಅವರಲ್ಲಿ ಗುರುಲಿಂಗಪ್ಪ ಎಂಬವನು ತನ್ನ ಮುದಿ ತಾಯಿಯನ್ನು ಬೆನ್ನ ಮೇಲೆ ಹೊತ್ತು ತಂದಿದ್ದ. ಬಾವಿಗೆ ಎತ್ತು ಹೂಡಿ ಕಪಿಲೆ ಹೊಡೆದು ಬಾಳೆಗೆ ನೀರು ಹಾಯಿಸುತ್ತಿದ್ದವನು ಮೌಲಾಸಾಬ. ಮಾಮಾನ ತಂದೆಯ ಕಾಲದಿಂದ ಆ ತೋಟದಲ್ಲಿದ್ದವನು. ಅವನೂ ಅವನ ಹೆಂಡತಿ ಹುಸೇನಬಿಯೂ ತೋಟದ ಆಚೆ ಅಂಚಿನ ಗುಡಿಸಲಿನಲ್ಲಿದ್ದರು.

ಅಪ್ಪನಿಗೆ ಆ ನೆಲ ಹೊಸದು. ಅಲ್ಲಿ ಕಲ್ಲನ್ನು ನೆಲದಿಂದ ಕೊಡಲಿಯಲ್ಲಿ ಕೊಯ್ದು ತೆಗೆಯುತ್ತಾರೆ. ತೆಗೆದಾಗ ಮೆತ್ತಗೆ, ಗಾಳಿಗೆ ಬಿಟ್ಟರೆ ಗಟ್ಟಿ. ಪಾಯ ಮೊಣಕಾಲುದ್ದ ಸಾಕು. ಬಿರುಕಿಲ್ಲ, ಉಬ್ಬುವುದಿಲ್ಲ. "ಇಲ್ಲಿ ಮನಿ ಕಟ್ಟೂದಂದ್ರ ಹುಡುಗೂರ ಆಟ ನೋಡು ಭಾವಾ," ಎಂದು ಮಾಮಾನಿಗೆ ಹೇಳಿ ಸಂತೋಷಪಟ್ಟ. ಆ ಕಲ್ಲಿನ ಮೈತುಂಬ ತೂತುಗಳಿರುವುದನ್ನು ಅವನು ನೋಡಿರಲಿಲ್ಲವೆಂದಲ್ಲ.

ಹೆಂಗಸರು ಬೆಳಗಿನ ಕತ್ತಲೆಯಲ್ಲಿ ಹಳ್ಳದ ಕಡೆ ಹೋಗುವುದು ರೂಢಿ. ಹಳ್ಳಕ್ಕೆ ಹೋಗಬೇಕೆಂದರೆ ಹುಮನಾಬಾದಿನ ದಾರಿ ದಾಟಬೇಕು. ಒಂದು ಬೆಳಗು ದಾರಿಯಲ್ಲಿ 'ಅವರ' ಲಾರಿ ನಿಂತಿತ್ತು. ಬ್ಯಾಟರಿ ಬೆಳಕು ನಮ್ಮ ಮೇಲೆ ಬಿತ್ತು. ಯಾರೋ ಏನೋ ಕೂಗಿದರು, ನಕ್ಕರು. ತಂಬಿಗೆ ಬಿಟ್ಟು ಓಡಿದೆವು. ಆಮೇಲೆ ಎರಡು ದಿನ ನಾವು ಹೆಂಗಸರು ಹೊಟ್ಟೆ ಕಟ್ಟಿಕೊಂಡು ಕೂತೆವು. ಉಂಡರೆ ಹೋಗಬೇಕಾಗುತ್ತದೆಂದು ಉಣ್ಣುವುದನ್ನೇ ಬಿಟ್ಟೆವು. ಬಾಣಂತಿ ಅಕ್ಕನ ಎದೆಹಾಲು ಕಡಿಮೆಯಾಯಿತು. ಅಪ್ಪನಿಗೆ ಅದನ್ನು ತಡೆಯಲಾಗಲಿಲ್ಲ. ಮನೆಯ ಹಿಂದೆ ಏರಿನ ಮೇಲೆ, ಲಂಟಾನದ ಪೊದೆಗಳ ನಡುವೆ, ದಾರಿಯಿಂದ ಯಾರಿಗೂ ಕಾಣದ ಜಾಗ ಹುಡುಕಿ ತಾನೇ ಗುದ್ದಲಿ ಹಿಡಿದು ಗುಂಡಿ ತೋಡಿದ. ಸುತ್ತಲೂ ತಟ್ಟಿ ಕಟ್ಟಿದ. ಬಾವಿ ಅಲ್ಲಿಂದ ಗಾಜಿಪುರದ್ದಕ್ಕಿಂತ ಎಷ್ಟೋ ದೂರ.

ಗುರುಲಿಂಗಪ್ಪನ ತಾಯಿ ಅಂದು ಅಪ್ಪನ ಕೈ ಹಿಡಿದು, "ನನ್ನ ಮಾನ ಉಳಿಸಿದಿ ನನ್ನಪ್ಪಾ," ಅಂದಳು.

ಶ್ರಾವಣದ ಮಳೆ ಹಿಡಿಯಿತು. ಗುಂಡಿ ತುಂಬಲೇ ಇಲ್ಲ. ಎಷ್ಟು ಮಳೆ ಬಂದರೂ ನೀರು ನಿಲ್ಲದು, ವಾಸನೆಯೂ ಇಲ್ಲ. ಅಪ್ಪ ಬೀಗುತ್ತಿದ್ದ. "ಕಲಬುರಗ್ಯಾಗ ಇಂಥಾ ನೆಲ ಇದ್ದಿದ್ರ ನಾ ರಾಜಾ ಆಗ್ತಿದ್ದೆ," ಅನ್ನುತ್ತಿದ್ದ. ಆ ನೀರು ಎಲ್ಲಿಗೆ ಹೋಗುತ್ತದೆಂದು ಯಾರೂ ಕೇಳಲಿಲ್ಲ. ಸಪಾಟಾದ ಎರಿ ನಾಡಿನವರಿಗೆ ನೆಲದೊಳಗೂ ಮೇಲು-ಕೆಳಗು ಇದೆಯೆಂಬುದು ಹೊಳೆಯುವುದಿಲ್ಲ.

ಅಕ್ಕ ಮಲಗಿದ ದಿನವೇ ಇನ್ನಿಬ್ಬರು ಮಲಗಿದರು. ಮಾರನೆಯ ದಿನ ಗುರುಲಿಂಗಪ್ಪನ ತಾಯಿ ಹೋದಳು. ಮಳೆಯಲ್ಲಿಯೇ, ಡೊಳ್ಳು ಭಜನೆ ಏನೂ ಇಲ್ಲದೆ, ದಾರಿಯಲ್ಲಿ ಸುತ್ತುವ 'ಅವರಿಗೆ' ಸುಳಿವು ಸಿಗಬಾರದೆಂದು ಬಾಯಿ ಮುಚ್ಚಿಕೊಂಡು ಮಣ್ಣು ಮಾಡಿ ಬಂದರು. ದವಾಖಾನೆ ಇದ್ದದ್ದು ಕಲಬುರಗಿಯಲ್ಲಿ. ಆ ದಾರಿಯಲ್ಲಿ ಹೋಗುವ ಧೈರ್ಯ ಯಾರಿಗಿತ್ತು? ಅವ್ವ ಗಂಜಿಯ ತಿಳಿಗೆ ಉಪ್ಪು ಹಾಕಿ ಅಕ್ಕನ ಬಾಯಿಗೆ ಚಮಚದಿಂದ ಹನಿಸುತ್ತ ಕೂತಳು. ನಾನು ಅಕ್ಕನ ಪಾದ ಉಜ್ಜುತ್ತಿದ್ದೆ, ತಣ್ಣಗಿರುತ್ತಿದ್ದವು. ಅಕ್ಕ ಸತ್ತರೆ ಕೂಸು ಉಳಿಯುವುದಿಲ್ಲ ಎಂಬ ಒಂದೇ ಮಾತು ನನ್ನ ತಲೆಯಲ್ಲಿ ಸುತ್ತುತ್ತಿತ್ತು.

ಮಣ್ಣು ಮಾಡಿ ಬಂದ ಗುರುಲಿಂಗಪ್ಪ ಕಾಲು ತೊಳೆಯದೆಯೇ ಬಾವಿ ಕಟ್ಟೆಗೆ ಹೋಗಿ ನಿಂತ. ಮೌಲಾಸಾಬ ಎತ್ತು ಬಿಡುತ್ತಿದ್ದ.

"ಬಾವಿಗೆ ಏನ ಹಾಕಿದಿ?"

ಮೌಲಾಸಾಬನಿಗೆ ಮೊದಲು ತಿಳಿಯಲೇ ಇಲ್ಲ. "ಏನ್ರೀ ಧಣಿ? ಹಗ್ಗ ಹೊಸದು ಹಾಕೀನ್ರಿ."

"ನಾಟಕ ಬ್ಯಾಡ. ಅವರು ಎಷ್ಟ ಕೊಟ್ಟಾರ ನಿನಗ? ಏನ ಬೆರಸಾಕ ಹೇಳ್ಯಾರ?"

"ಅಲ್ಲಾ ಕಸಂ ಧಣಿ... ಅಮ್ಮನ್ನ ನಾನೂ ಹೊತ್ತುಕೊಂಡು ಬಾವಿಗೆ ತಂದು ಕುಂದರಸ್ತಿದ್ದೆ..."

"ನಿಮ್ಮ ಮನ್ಯಾಗ ಯಾಕ ಯಾರಿಗೂ ಬ್ಯಾನಿ ಇಲ್ಲ, ಹೇಳು."

ಅವನು ಬಹಳ ಸರಳ ಮನುಷ್ಯ. ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟ. "ನಾವು ಬಾವಿ ನೀರ ಕುಡಿಯಂಗಿಲ್ರಿ. ಹುಸೇನಬಿ ಆಚಿ ಝರಿಯಿಂದ ತರ್ತಾಳ, ಗುಡಿಸಲಕ್ಕ ಅದೇ ಸಮೀಪ."

ಮಾಮಾ ಓಡಿ ಬಂದು ನಡುವೆ ನಿಂತು, "ಮೌಲಾ, ನೀ ಮನಿಗಿ ಹೋಗು. ಬಾವಿ ಕಡೆ ಕೆಲ ದಿನ ಬರಬ್ಯಾಡ," ಅಂದ. ಮೌಲಾಸಾಬ ಮಾಮಾನ ಮುಖ ನೋಡಿದ. ಎತ್ತಿನ ಹಗ್ಗವನ್ನು ಕಟ್ಟೆಯ ಮೇಲಿಟ್ಟು ಹೋದ. ಅಂದು ಅವನ ಮೇಲೆ ಯಾರೂ ಕೈ ಎತ್ತಲಿಲ್ಲ. ಎತ್ತಿದ್ದರೆ ದಾರಿಯವರು ಬಂದು ಮನೆಗೆ ಬೆಂಕಿ ಇಡುತ್ತಾರೆಂಬ ಹೆದರಿಕೆಯೇ ಅದಕ್ಕೆ ಕಾರಣ.

ಮರುದಿನ ಹುಸೇನಬಿ ಆಡಿನ ಹಾಲು ತಂದು ಹಿಂಬಾಗಿಲಲ್ಲಿ ನಿಂತಳು, ಕೂಸಿಗೆಂದು. ಒಳಗಿನಿಂದ ಯಾರೋ, "ಚೆಲ್ಲರಿ ಅದನ್ನ," ಅಂದರು. ಅವ್ವ ಪಾತ್ರೆ ಇಸಿದುಕೊಂಡು ತಾನು ಮೊದಲು ಎರಡು ಗುಟುಕು ಕುಡಿದಳು. ಹುಸೇನಬಿ ತಲೆ ತಗ್ಗಿಸಿದಳು. ಅವ್ವ ಸ್ವಲ್ಪ ಹೊತ್ತು ಕಾದು ಕೂಸಿಗೆ ಹಾಕಿದಳು. ಆ ಕಾಯುವಿಕೆ ಹುಸೇನಬಿಗೆ ಕಾಣದೆ ಇರಲಿಲ್ಲ.

ಅಪ್ಪ ಎರಡು ದಿನದಿಂದ ಮಾತು ಬಿಟ್ಟಿದ್ದ. ಜೋರು ಮಳೆ ಬಂದು ನಿಂತ ಒಂದು ಸಂಜೆ ಅವನು ಗುಂಡಿಯ ಬಳಿ ಕುಕ್ಕರುಗಾಲಲ್ಲಿ ಕೂತಿದ್ದನ್ನು ನೋಡಿದೆ. ಗುಂಡಿಯಲ್ಲಿ ಮಳೆನೀರು ಇಳಿಯುವುದನ್ನೇ ನೋಡುತ್ತಿದ್ದ. ಎದ್ದು ಒಳಗೆ ಬಂದು, ಕಂದೀಲಿಗೆಂದು ಜೋಪಾನ ಮಾಡಿಟ್ಟಿದ್ದ ಘಾಸಲೇಟು ಎಣ್ಣೆಯ ಡಬ್ಬಿ ಒಯ್ದು ಅಷ್ಟನ್ನೂ ಗುಂಡಿಗೆ ಸುರಿದ. ಅವನಿಗೆ ತಲೆ ಕೆಟ್ಟಿತೆಂದು ನನಗೆ ಭಯವಾಯಿತು.

ಅದರ ಮರುದಿನ ಮಧ್ಯಾಹ್ನ ನಾನು ಬಾವಿಯಿಂದ ಕೊಡ ಎಳೆದೆ. ನೀರಿನ ಮೇಲೆ ನವಿಲುಗರಿಯ ಬಣ್ಣ ತೇಲುತ್ತಿತ್ತು. ಮೂಸಿದೆ. ಘಾಸಲೇಟು.

ಅಪ್ಪನಿಗೆ ಕೊಡ ತೋರಿಸಿದೆ. ಅವನು ಬೊಗಸೆಯಲ್ಲಿ ನೀರು ತೆಗೆದುಕೊಂಡು ಮೂಸಿ, ಬಾವಿ ಕಟ್ಟೆಯ ಮೇಲೆ ಕೂತ. ಕೂತವನು ಮೊಳಕಾಲ ನಡುವೆ ತಲೆ ಇಟ್ಟ. "ಯಾರ ಮುಂದೂ ಆಡಬ್ಯಾಡ ಯವ್ವಾ," ಎಂದಷ್ಟೇ ಅಂದ. ನೀರು ಎಲ್ಲಿಂದ ಎಲ್ಲಿಗೆ ಬಂದಿದೆಯೆಂದು ನನಗೆ ಆಗ ತಿಳಿಯಿತು. ನಮ್ಮ ಮನೆ ಎಂಥದ್ದೆಂದು ಹೇಳಬೇಕು. ಅವ್ವ ಮಡಿಯಲ್ಲಿ ನೀರು ಸೇದಿ, ಲಿಂಗಪೂಜೆಗೆ ಬೇರೆ ತಂಬಿಗೆ ಇಟ್ಟು, ಒಬ್ಬರು ಮುಟ್ಟಿದ್ದನ್ನು ಮತ್ತೊಬ್ಬರಿಗೆ ಕೊಡದ ಹೆಂಗಸು. ಅದೇ ಬಾವಿಯ ನೀರಿನಿಂದ ಇಡೀ ಶ್ರಾವಣ ಪೂಜೆ ಆಗಿತ್ತು.

ಅಪ್ಪ ಆ ದಿನವೇ ಗುಂಡಿಗೆ ಸುಣ್ಣ ಸುರಿದು ಮಣ್ಣು ಮುಚ್ಚಿದ. ಝರಿಯಿಂದ ನೀರು ತಂದು ಕುದಿಸಿ ಕುಡಿಯಬೇಕೆಂದು ಎಲ್ಲರಿಗೂ ತಾಕೀತು ಮಾಡಿದ. ಕಾರಣ ಹೇಳಲಿಲ್ಲ. ರೋಗ ಇಳಿಯಿತು. ಅಕ್ಕ ಒಂದು ಬೆಳಗು ತಾನಾಗಿ ನೀರು ಕೇಳಿದಳು. ನಾವು ಬದುಕಿದೆವು ಅಂದುಕೊಂಡೆ. ಆದರೆ ಮನೆಯಲ್ಲಿದ್ದವರ ಲೆಕ್ಕ ಬೇರೆಯಿತ್ತು. ಮೌಲಾಸಾಬ ಬಾವಿಯಿಂದ ದೂರವಾದ, ರೋಗ ನಿಂತಿತು. ಇನ್ನೇನು ಸಾಕ್ಷಿ ಬೇಕು?

ಭಾದ್ರಪದದಲ್ಲಿ ಒಂದು ದಿನ ಆಕಾಶದಲ್ಲಿ ವಿಮಾನದ ಸದ್ದು ಕೇಳಿತು. ದಾರಿ ಖಾಲಿಯಾಯಿತು. ಆಮೇಲೆ ಹಸಿರು ಲಾರಿಗಳು ಸಾಲಾಗಿ ಬಂದವು. ಮಿಲಿಟರಿ ಬಂತು, ಮಿಲಿಟರಿ ಬಂತು ಎಂದು ಹುಡುಗರು ಗುಡ್ಡ ಇಳಿದು ಓಡಿದರು. ಮಾಮಾ ಸಕ್ಕರೆ ಹಂಚಿದ. ಅವ್ವ ಎಷ್ಟೋ ತಿಂಗಳ ಮೇಲೆ ತಲೆ ಬಾಚಿಕೊಂಡಳು.

ಆ ಸಂತೋಷ ಬಹಳ ಹೊತ್ತು ಉಳಿಯಲಿಲ್ಲ. 'ಅವರು' ಓಡಿಹೋಗಿದ್ದರು. ಓಡದೆ ಉಳಿದವರು ಯಾರ ಗೊಡವೆಗೂ ಹೋಗದ ಬಡ ಮುಸಲ್ಮಾನರು. ಸುತ್ತಲ ಹಳ್ಳಿಗಳಿಂದ ಬರುವ ಸುದ್ದಿ ಕೇಳಿ ಮಾಮಾ ಕಿವಿ ಮುಚ್ಚಿಕೊಳ್ಳುತ್ತಿದ್ದ. ದೂರದಲ್ಲಿ ಹೊಗೆ ಕಂಡರೆ ಈಗ ಅದು ಬೇರೆಯವರ ಮನೆಯ ಹೊಗೆ. ನಡುಕ ಮಾತ್ರ ಅದೇ. ಮಾಮಾ ತಾನೇ ಹೋಗಿ ಮೌಲಾಸಾಬನನ್ನೂ ಹುಸೇನಬಿಯನ್ನೂ ಕರೆತಂದು ಜೋಳದ ಚೀಲಗಳ ಹಿಂದಿನ ಕೋಣೆಯಲ್ಲಿ ಕೂರಿಸಿದ.

ಮೂರನೆಯ ದಿನ ಮಧ್ಯಾಹ್ನ ಅವರು ಬಂದರು. ಈ ಸಲ 'ಅವರು' ಅಂದರೆ ನಮ್ಮವರೇ. ಮುಂದೆ ಗುರುಲಿಂಗಪ್ಪ, ಹಿಂದೆ ಊರಿನ ಗಂಡಸರು, ಕೆಲವರ ಕೈಯಲ್ಲಿ ಕೊಡಲಿ, ಕುಡುಗೋಲು. ಮನೆಯಲ್ಲಿ ಅನ್ನ ಹಾಕಿಸಿಕೊಂಡವರೂ ಅದರಲ್ಲಿದ್ದರು.

"ಶರಣಪ್ಪ ಮಾವ, ಆ ಬಾವಿಗಿ ವಿಷ ಹಾಕಿದವನ್ನ ಹೊರಗ ಕಳಸು," ಅಂದ ಗುರುಲಿಂಗಪ್ಪ. ಅವನು ಕೂಗಲಿಲ್ಲ. ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು.

"ಇಲ್ಲಿಲ್ಲ ಅವಾ," ಅಂದ ಮಾಮಾ.

"ಇಲ್ಲಂದ್ರ ಒಳಗ ನೋಡತೀವಿ."

ನಾನು ಜೋಳದ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದೆ. ಬಾಗಿಲ ಆಚೆ ಹುಸೇನಬಿ ಬಾಯಿಗೆ ಸೆರಗು ತುರುಕಿಕೊಂಡು ಉಸಿರಾಡುವುದು ನನ್ನ ಬೆನ್ನಿಗೆ ತಾಗುತ್ತಿತ್ತು. ಅಪ್ಪನ ಕಡೆ ನೋಡಿದೆ. ಅವನು ಪಡಸಾಲೆಯ ಕಂಬ ಹಿಡಿದಿದ್ದ, ತುಟಿ ಬೆಳ್ಳಗಾಗಿದ್ದವು. ಅಪ್ಪಾ, ಅಂದೆ. ಸದ್ದು ಹೊರಟಿತೋ ಇಲ್ಲವೋ ತಿಳಿಯದು.

ಗುರುಲಿಂಗಪ್ಪ ಮೆಟ್ಟಿಲು ಏರಿದ. ಅಪ್ಪ ಕಂಬ ಬಿಟ್ಟು ಅವನ ಎದುರು ಬಂದು ನಿಂತ.

"ಗುರುಲಿಂಗಪ್ಪ, ವಿಷ ಅಲ್ಲೋ ಅದು. ನನ್ನ ಗುಂಡಿ."

"ಯಾವ ಗುಂಡಿ?"

"ಮ್ಯಾಲ ತೋಡಿದ್ನೆಲ್ಲಾ, ಸಂಡಾಸದ್ದು. ಈ ನೆಲ ಜಾಳಿಗಿ ಇದ್ದಂಗ ಅದ. ಅದರಾಗಿಂದೆಲ್ಲಾ ಬಸದು ಬಾವಿಗಿ ಇಳದದ. ನಾ ಘಾಸಲೇಟ ಹಾಕಿ ನೋಡೀನಿ, ಬಾವ್ಯಾಗ ಬಂದಿತ್ತು. ನನ್ನ ಮಗಳು ನೋಡ್ಯಾಳ. ಮೌಲಾಂದು ಏನೂ ತಪ್ಪಿಲ್ಲ. ನಿಮ್ಮವ್ವ ಹೋಗಿದ್ದು ನನ್ನ ಕೈಯಿಂದ."

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಗುರುಲಿಂಗಪ್ಪನ ಮುಖದ ಮೇಲೆ ಅರ್ಥವಾಗುವುದು ನನಗೆ ಕಂಡಿತು.

"ನಮ್ಮವ್ವಗ ಹೇಲ ನೀರ ಕುಡಿಸಿದೇನೋ?"

ಕೈಯಲ್ಲಿದ್ದ ಬಡಿಗೆ ಅಪ್ಪನ ಹೆಗಲ ಮೇಲೆ ಬಿತ್ತು. ಎಲುಬು ಮುರಿದ ಸದ್ದು ಒಳಗಿನವರೆಗೂ ಕೇಳಿತು. ಅಪ್ಪ ಕೆಳಗೆ ಕೂತ, ಕೈ ಅಡ್ಡ ಹಿಡಿಯಲಿಲ್ಲ. "ಇನ್ನೊಂದು ಹೊಡಿ. ಅವನ್ನ ಬಿಡು," ಅಂದ.

ಗುರುಲಿಂಗಪ್ಪ ಬಡಿಗೆ ಮತ್ತೆ ಎತ್ತಿದ್ದ. ಅಷ್ಟರಲ್ಲಿ ಹಿಂದೆ ಗುಂಪಿನಲ್ಲಿ ಒಬ್ಬ ಕ್ಯಾಕರಿಸಿ ಉಗುಳಿದ. ಇನ್ನೊಬ್ಬ ಉಗುಳಿದ. ಒಬ್ಬ ಗೋಡೆಯ ಮಗ್ಗುಲಿಗೆ ಹೋಗಿ ಓಕರಿಸತೊಡಗಿದ. ದುಡಿಯಲು ಬಂದವರು, ಸುದ್ದಿ ಹೇಳಲು ಬಂದವರು, ನೆಂಟರು, ಆ ಮಳೆಗಾಲದಲ್ಲಿ ಮಾಮಾನ ಅಂಗಳಕ್ಕೆ ಬಂದವರೆಲ್ಲ ಒಂದು ತಂಬಿಗೆ ನೀರು ಕುಡಿದೇ ಹೋದವರು. ಊರಿನ ಹಿರಿಯನೊಬ್ಬ, ಪೂಜೆ ಮಾಡುವ ಐನೋರ ಮನೆತನದವನು, ಕುಡುಗೋಲು ಹಿಡಿದು ಬಂದಿದ್ದ. ಅವನ ಕೈ ಎದೆಯ ಮೇಲಿನ ಲಿಂಗಕ್ಕೆ ಹೋಯಿತು.

"ಏ ತಮ್ಮಾ," ಅಂದ ಅವನು ಅಪ್ಪನಿಗೆ, ದನಿ ತಗ್ಗಿಸಿ. "ಈ ಮಾತ ಇನ್ನ ಯಾರ ಮುಂದ ಆಡೀದಿ?"

"ಯಾರ ಮುಂದೂ ಇಲ್ರಿ."

"ಆಡಬ್ಯಾಡ. ನಮ್ಮ ಮನಿಗಿ ಹೆಣ್ಣ ಕೊಡಾಕ ಬರವ್ರು ಅದಾರ." ಆಮೇಲೆ ಗುಂಪಿನ ಕಡೆ ತಿರುಗಿ, "ಬಾವಿ ಸುದ್ದಿ ಇಲ್ಲಿಗಿ ಮುಗೀತು. ವಿಷ ಅನಬ್ಯಾಡ್ರಿ, ಏನೂ ಅನಬ್ಯಾಡ್ರಿ. ಯಾರರ ಬಾಯಿ ತಗದ್ರ ಎಲ್ಲಾರದೂ ಹೋಗ್ತದ," ಅಂದ.

ವಿಷ ಎಂದು ಹೇಳಲು ಹೊರಟರೆ ಯಾರಾದರೂ ಗುಂಡಿಯ ಮಾತನ್ನೂ ಎತ್ತುತ್ತಾರೆ. ಅದು ಎಲ್ಲರಿಗೂ ಒಟ್ಟಿಗೆ ತಿಳಿದಂತೆ ಕಂಡಿತು. ಅವರು ಒಬ್ಬೊಬ್ಬರಾಗಿ, ಒಬ್ಬರ ಮುಖ ಒಬ್ಬರು ನೋಡದೆ ಇಳಿಜಾರು ಇಳಿದರು. ಮೌಲಾಸಾಬನನ್ನು ಉಳಿಸಿದ್ದು ಕರುಣೆ ಎಂದು ನಾನು ಹೇಳಲಾರೆ. ಗುರುಲಿಂಗಪ್ಪ ಕೊನೆಯವನು. ಬಡಿಗೆಯನ್ನು ಅಂಗಳದಲ್ಲಿ ಬಿಟ್ಟು, ಗುಡ್ಡದ ಕಡೆ, ತಾಯಿಯ ಮಣ್ಣಿನ ಕಡೆ ಹೋದ. ಅವನು ಮತ್ತೆ ನಮ್ಮೊಡನೆ ಮಾತಾಡಲಿಲ್ಲ. ಅವನನ್ನು ಬೈಯಲು ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ.

ಜೋಳದ ಕೋಣೆಯ ಬಾಗಿಲು ತೆಗೆದಾಗ ಮೌಲಾಸಾಬ ಬಂದು ಅಪ್ಪನ ಹೆಗಲಿಗೆ ಬಟ್ಟೆ ಕಟ್ಟಿದ. ಬಿಗಿದು ಕಟ್ಟುವಾಗ ಅಪ್ಪ ನರಳಿದ. "ಸಬರ್ ಸಾಬ್, ತಡಕೋರಿ," ಅಂದ ಮೌಲಾಸಾಬ.

ಹೆದರಿಕೆ ಅಲ್ಲಿಗೆ ಮುಗಿಯಲಿಲ್ಲ. ಬೇರೆ ಊರಿನಿಂದ ಬರುವವರಿಗೆ ನಮ್ಮ ಗುಟ್ಟು ಗೊತ್ತಿರಲಿಲ್ಲವಲ್ಲ. ಮೌಲಾಸಾಬ, ಹುಸೇನಬಿ ನಮ್ಮ ಪಡಸಾಲೆಯಲ್ಲಿಯೇ ಮಲಗುತ್ತಿದ್ದರು. ಮಾಮಾ, ಅಪ್ಪ, ಮೌಲಾಸಾಬ ಸರದಿಯಂತೆ ಎಚ್ಚರ ಇರುತ್ತಿದ್ದರು. ಸರದಿ ಇಲ್ಲದವರಿಗೂ ನಿದ್ದೆ ಇರಲಿಲ್ಲ. ನಾಯಿ ಬೊಗಳಿದರೆ ಅಕ್ಕ ಕೂಸಿನ ಬಾಯಿಯ ಮೇಲೆ ಕೈ ಇಡುತ್ತಿದ್ದಳು.

ಹಗಲು ಅಪ್ಪ ಒಂದು ಕೈ ಕೊರಳಿಗೆ ಕಟ್ಟಿಕೊಂಡು ಹೊಸ ಗುಂಡಿಯ ಕೆಲಸ ಹಿಡಿದ, ಈ ಸಲ ತೋಟದ ಕೆಳ ಅಂಚಿನಲ್ಲಿ, ಬಾವಿಗಿಂತ ಎಷ್ಟೋ ಕೆಳಗೆ. ಕಲಬುರಗಿಯಿಂದ ಬಂದ ಗಾಡಿಯವನಿಂದ ಎರಿ ಮಣ್ಣು ತರಿಸಿದ. ಮೌಲಾಸಾಬ ಅದನ್ನು ತುಳಿದು ಹದ ಮಾಡಿ ಗುಂಡಿಯ ಒಳಮೈಗೆ ದಪ್ಪಗೆ ಮೆತ್ತಿದ. ಕೆಂಪು ಗುಂಡಿಯೊಳಗೆ ಕಪ್ಪು ಗುಂಡಿ. ಮಾಮಾ ನಕ್ಕ. "ಭಾವಾ, ನಿಮ್ಮ ಊರ ಮಣ್ಣ ಇಲ್ಲಿಗೂ ತಂದ್ಯಲ್ಲೋ." ಬಡಿಗೆ ಬಿದ್ದ ದಿನದ ಮೇಲೆ ಆ ಮನೆಯಲ್ಲಿ ಯಾರೋ ನಕ್ಕದ್ದು ಅದು ಮೊದಲ ಸಲ. ನಾವೆಲ್ಲ ಗಾಬರಿಯಿಂದ ಅವನ ಕಡೆ ನೋಡಿದೆವು.

ಬಾವಿಯ ನೀರು ಪೂರ್ತಿ ಬತ್ತಿಸಿ, ಸುಣ್ಣ ಹಾಕಿ, ಮತ್ತೆ ಬತ್ತಿಸಿದರು. ನವರಾತ್ರಿಯ ಹೊತ್ತಿಗೆ ಮಳೆ ಹಿಂದೆ ಸರಿಯಿತು. ಒಂದು ಸಂಜೆ ಹುಸೇನಬಿ ತನ್ನ ಚಾಪೆ ಸುತ್ತಿ, "ಇವತ್ತ ನಾವು ನಮ್ಮ ಗುಡಿಸಲದಾಗ ಮಲಕೋತೀವ್ರಿ ಅಕ್ಕಾರ," ಅಂದಳು. ಅವ್ವ ಬೇಡವೆಂದಳು. "ಅಲ್ಲಿ ಬರೇ ಆಡು ಅದಾವ್ರಿ, ರಾತ್ರಿಯೆಲ್ಲಾ ಒದರತಾವ. ನಿಮ್ಮ ಗಂಡಸರ ಗೊರಕಿಗಿಂತ ಆಡೇ ವಾಸಿ," ಅಂದು ಹೊರಟೇಬಿಟ್ಟಳು. ಮೌಲಾಸಾಬ ಅವಳ ಹಿಂದೆ ಹೋದ. ತೋಟದ ಆಚೆ ಅವರ ದೀಪ ಹತ್ತುವವರೆಗೆ ನಾವು ಅಂಗಳದಲ್ಲಿ ನಿಂತಿದ್ದೆವು. ದೀಪ ಕಂಡ ಮೇಲೆ ಮಾಮಾ ತಾನು ಎಚ್ಚರ ಇರುತ್ತೇನೆಂದು ಕಂಬಕ್ಕೆ ಒರಗಿ ಕೂತ. ಉಳಿದವರು ಉಟ್ಟ ಬಟ್ಟೆಯಲ್ಲೇ, ಕಿವಿ ತೆರೆದುಕೊಂಡು ಒರಗಿದೆವು.

ಕಣ್ಣು ಬಿಟ್ಟಾಗ ಬಿಸಿಲು ನನ್ನ ಮುಖದ ಮೇಲಿತ್ತು. ದಿಗಿಲು ಬಿದ್ದು ಎದ್ದು ಕೂತೆ. ಮಾಮಾ ಕಂಬದ ಬುಡದಲ್ಲಿ ಬಾಯಿ ತೆರೆದು ಮಲಗಿದ್ದ. ಅಪ್ಪ, ಅವ್ವ, ಅಕ್ಕ, ಯಾರೂ ಎದ್ದಿರಲಿಲ್ಲ. ಇಡೀ ಮನೆ ಹೆಣದಂತೆ ಬಿದ್ದಿತ್ತು. ಯಾರು ಕಾದರು? ಗುಡಿಸಲಿನಲ್ಲಿ ಏನಾಯಿತು? ಬರಿಗಾಲಲ್ಲಿ ಬಾಗಿಲಿಗೆ ಓಡಿದೆ.

ಹೊಸ್ತಿಲ ಆಚೆ ಹುಸೇನಬಿ ಹಾಲಿನ ಪಾತ್ರೆ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಹಾಲಿನ ಮೇಲೆ ಕೆನೆ ಕಟ್ಟಿತ್ತು.

"ಅಯ್ಯ ತಂಗಿ, ಎಬ್ಬಸಬೇಕೋ ಬ್ಯಾಡೋ ಅಂತ ನಿಂತೀನಿ," ಅಂದಳು. "ಮಲಕೋಲಿ ಬಿಡು."